ಅತ್ತೆ ಕುಂದು ಹೇಳದ ಊಟ

ನವೆಂಬರ್ 5, ಬೆಳಿಗ್ಗೆ
ಬೆಟ್ಟದ ಮೇಲಿನ ಛತ್ರ

ಸೊಸೆಗೆ,

ತಲುಪಿದೆ. ಜೀವಂತವಾಗಿದ್ದೇನೆ. ಇವೆರಡನ್ನೂ ಮೊದಲೇ ಹೇಳಬೇಕು, ಯಾಕೆಂದರೆ ನಿನ್ನ ಗಂಡ ಬಸ್ಸು ಓಡಿಸುವುದನ್ನು ನೋಡಿದ ಮೇಲೆ ದೇವರ ಮೇಲೆ ನನಗಿದ್ದ ಭಕ್ತಿ ಇಮ್ಮಡಿಯಾಗಿದೆ. ಚಿಕ್ಕವನಿದ್ದಾಗ ಊಟಕ್ಕೆ ಕರೆದರೆ ಮನೆ ಸುತ್ತ ಓಡುತ್ತಿದ್ದ. ಈಗ ಅಷ್ಟೂ ಜನರನ್ನು ಕೂರಿಸಿಕೊಂಡು ಬೆಟ್ಟದ ಸುತ್ತ ಓಡುತ್ತಾನೆ. ತಿರುವು ಬಂದಾಗಲೆಲ್ಲ ಮುಂದಿನ ಕಂಬಿ ಹಿಡಿದು "ನಿಧಾನ ಕಣೋ" ಅಂದೆ. "ಅಮ್ಮಾ, ಡ್ರೈವರ್ ಹತ್ರ ಮಾತಾಡಬಾರದು ಅಂತ ಬೋರ್ಡು ಹಾಕಿದಾರೆ ನೋಡು" ಅಂದ. ಹೆತ್ತವಳಿಗೆ ಬೋರ್ಡು ತೋರಿಸುತ್ತಾನೆ!

ಫೋನು ಮಾಡಬೇಡ. ಇಲ್ಲಿ ಛತ್ರದ ಜಗಲಿಯಲ್ಲಿ ಮಾತ್ರ ಸಿಗ್ನಲ್ಲು. ಅಲ್ಲಿ ನಿಂತು ಒಂದು ಮಾತಾಡಿದರೆ ಇಡೀ ಛತ್ರ "ಆಮೇಲೆ?" ಅನ್ನುತ್ತದೆ. ಹೇಗೂ ಅವನ ಬಸ್ಸು ಒಂದು ದಿನ ಹತ್ತಿ ಮರುದಿನ ಇಳಿಯುತ್ತದಲ್ಲ, ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಲಕೋಟೆಗೆ ಅನ್ನದ ಅಗುಳು ಮೆತ್ತಿದ್ದೇನೆ. ಬಿಟ್ಟುಕೊಂಡಿದ್ದರೆ ಅವನನ್ನೇ ಕೇಳು. ಅವನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ.

ದೇವರಿಗೆ ಕೈಮುಗಿಯಲು ಬಂದೆ ಎಂದು ಬೀದಿಯವರಿಗೆಲ್ಲ ಹೇಳಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ, ತಿನ್ನಲು ಬಂದಿದ್ದೇನೆ. ಮದುವೆಯಾದ ವರ್ಷ ನಿನ್ನ ಮಾವ ನನ್ನನ್ನು ಇಲ್ಲಿಗೆ ಕರೆತಂದಿದ್ದರು. ಬಸ್ಸು ಇಳಿದಲ್ಲಿಂದ ಗುಡಿಯ ಬಾಗಿಲವರೆಗೆ ಮೆಟ್ಟಿಲು ಬೀದಿ, ಎರಡೂ ಪಕ್ಕ ತಿಂಡಿ ಅಂಗಡಿಗಳು. ಆಗ ಹೊಸ ಹೆಂಡತಿ. ಬಾಯಿ ತುಂಬ ತಿಂದರೆ ಏನಂದುಕೊಳ್ಳುತ್ತಾರೋ ಎಂದು ಅರ್ಧಕ್ಕರ್ಧ ಅಂಗಡಿಗಳನ್ನು ಕಣ್ಣಲ್ಲೇ ತಿಂದು ಬಂದೆ. ಈಗ ನನಗಿಂತ ಮೊದಲು ನನ್ನ ನಾಚಿಕೆಗೆ ವಯಸ್ಸಾಗಿದೆ.

ನಿನ್ನೆ ಸಂಜೆ ಇಳಿದವಳೇ ಹಾಲಿನ ಅಂಗಡಿಗೆ ಹೋದೆ. ಅಗಲದ ಬಾಣಲೆಯಲ್ಲಿ ಹಾಲು ಕುದಿಸುತ್ತ ಒಬ್ಬಳು ಕೂತಿದ್ದಳು, ಕೈಯಲ್ಲಿ ಉದ್ದ ಸೌಟು, ಹೊಯ್ದರೆ ಹಾಲು ಒಂದು ಮೊಳ ಹಗ್ಗದ ಹಾಗೆ ಇಳಿಯುತ್ತಿತ್ತು. ಕೆನೆ ಹಾಕಿ ಕೊಟ್ಟಳು. ಬಹಳ ಚೆನ್ನಾಗಿತ್ತು. ಆಮೇಲೆ ಗೆಣಸು ಕರಿದು ಕೊಡುವವನ ಹತ್ತಿರ ಹೋದೆ. ಅದೂ ಬಹಳ ಚೆನ್ನಾಗಿತ್ತು.

ಒಂಬತ್ತನೇ ತಾರೀಖು ಇವನ ಬಸ್ಸಿಗೇ ಬರುತ್ತೇನೆ. ಬಾಗಿಲ ಚಿಲಕ ಸಡಿಲ ಇದೆ, ಎತ್ತಿ ಹಾಕು.

ನಿನ್ನ ಅತ್ತೆ


ನವೆಂಬರ್ 5, ಸಂಜೆ

ಅತ್ತೆಯವರಿಗೆ ನಮಸ್ಕಾರ.

ಕಾಗದ ಕೈಸೇರಿತು. ಅಗುಳು ಭದ್ರವಾಗಿತ್ತು. ನಿಮ್ಮ ಮಗ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದ್ದಂತೂ ಹೌದು, ಏನೂ ಕಾಣಲಿಲ್ಲ ಎಂದು ತಾವೇ ಬಂದು ಹೇಳಿದರು.

ಅತ್ತೆ, ನೀವು ಹೊರಟಾಗಿನಿಂದ ಒಂದು ಮಾತು ಹೇಳಬೇಕಿದೆ. ಎದುರಿಗೆ ಹೇಳಲು ಧೈರ್ಯ ಸಾಲದು, ಕಾಗದದಲ್ಲಿ ಹೇಳುತ್ತೇನೆ.

ನಾನು ಈ ಮನೆಗೆ ಬಂದ ಮರುದಿನವೇ ನೀವು ನಮ್ಮ ಹೋಟೆಲಿನ ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದ್ದಿರಿ. "ನೋಡು, ಒಲೆ ನಂದು, ಗಲ್ಲಾಪೆಟ್ಟಿಗೆ ನಿಂದು. ನಿನ್ನ ಗಂಡ ಮಾತ್ರ ಇಬ್ಬರಿಗೂ ಸೇರಿದೋನು, ಅವನನ್ನ ಯಾರು ಬೇಕಾದ್ರೂ ಬೈಬಹುದು." ಅಂದಿನಿಂದ ನಾನು ಬಡಿಸಿದ್ದೇನೆ, ತಟ್ಟೆ ಎತ್ತಿದ್ದೇನೆ, ಗಲ್ಲಾದಲ್ಲಿ ಕೂತಿದ್ದೇನೆ. ಒಲೆಯ ಹತ್ತಿರ ನೀವು ಕರೆಯದೆ ಬಂದವಳಲ್ಲ.

ಹೋದ ಸೋಮವಾರ ಮಾತ್ರ ಬಂದೆ. ನೀವು ಹಿತ್ತಲಿಗೆ ಹೋಗಿದ್ದಿರಿ. ನಾನು ಬೇಳೆಯ ತಪ್ಪಲೆಗೆ ಉಪ್ಪು ಹಾಕಿ ತಿರುವುತ್ತಿದ್ದೆ. ತಿರುಗಿ ನೋಡಿದರೆ ನೀವು ಬಾಗಿಲಲ್ಲಿ ನಿಂತಿದ್ದಿರಿ. ಬೈಯುತ್ತೀರಿ ಎಂದು ಕಾದೆ. ನೀವು ಸೌಟು ತೆಗೆದುಕೊಂಡು ಕೆಲಸ ಮುಗಿಸಿದಿರಿ, ಸಂಜೆ ಚೀಲ ಕಟ್ಟಿದಿರಿ.

ನಿಮ್ಮ ಕೈಯ ಅಡುಗೆಗೆ ಕೈ ಹಾಕುವಷ್ಟು ದೊಡ್ಡವಳಲ್ಲ ನಾನು. ಇತ್ತೀಚೆಗೆ ಕೆಲವು ಸಲ ಉಪ್ಪು ಹೆಚ್ಚು ಕಡಿಮೆ ಆಗುತ್ತಿತ್ತು. ಜ್ವರದಿಂದ ಎದ್ದವರು, ಆಯಾಸ ಇರಬೇಕು, ಹೇಳಿ ನೋಯಿಸುವುದೇಕೆ ಎಂದುಕೊಂಡೆ. ಹೇಳಿದ್ದರೇ ಚೆನ್ನಾಗಿತ್ತೇನೋ. ನಿಮಗೆ ಸಿಟ್ಟು ಬಂದಿದ್ದರೆ ಬಂದು ಬೈಯಿರಿ. ಬೆಟ್ಟದ ಮೇಲೆ ಕೂತು ಸುಮ್ಮನಿರಬೇಡಿ.

ನಾನೇ ಅಡುಗೆ ಮಾಡುತ್ತಿದ್ದೇನೆ. ಗಲ್ಲಾದಲ್ಲಿ ಪಕ್ಕದ ದರ್ಜಿಯವರು ಕೂರುತ್ತಾರೆ. ಚಿಲಕ ಎತ್ತಿಯೇ ಹಾಕುತ್ತಿದ್ದೇನೆ.

ನಿಮ್ಮ ಸೊಸೆ


ನವೆಂಬರ್ 7, ಬೆಳಿಗ್ಗೆ

ಸೊಸೆಗೆ,

ಉಪ್ಪಂತೆ, ಬಾಗಿಲಂತೆ, ಸಿಟ್ಟಂತೆ! ನಾನು ಏನೂ ನೋಡಿಲ್ಲ ಕಣೆ. ಸೊಂಟ ಹಿಡಿದಿತ್ತು, ಬಾಗಿಲಿಗೆ ಒರಗಿ ನಿಂತಿದ್ದೆ. ನೋಡಿ ಸುಮ್ಮನಿರುವ ಹೆಂಗಸೇ ನಾನು? ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ಇಲ್ಲಿಯ ಊಟದ ಸುದ್ದಿ ಕೇಳು. ಮೆಟ್ಟಿಲಿನ ಎಡಪಕ್ಕ ಮುಗಿಸಿದೆ. ಇನ್ನು ಬಲಪಕ್ಕ. ಕೆಂಡದಲ್ಲಿ ಜೋಳದ ತೆನೆ ಸುಡುವವಳ ಹತ್ತಿರ ಎರಡು ತಿಂದೆ. ಉಪ್ಪು ಖಾರ ಕಲಸಿ ನಿಂಬೆಹೋಳಿನಿಂದ ಉಜ್ಜಿ ಕೊಡುತ್ತಾಳೆ. "ಇನ್ನೂ ಖಾರ ಹಾಕು" ಅಂದೆ. "ಅಜ್ಜೀ, ಕಣ್ಣಲ್ಲಿ ನೀರು ಬರುತ್ತೆ" ಅಂದಳು. "ಬರಲಿ, ಹಾಕು" ಅಂದೆ. ಬಂತು. ಬಹಳ ಚೆನ್ನಾಗಿತ್ತು. ಬೆಲ್ಲದ ಪಾಕದಲ್ಲಿ ಕಡಲೆ ಹಾಕಿ ಬಿಲ್ಲೆ ಮಾಡುವವನ ಅಂಗಡಿಯಲ್ಲಿ ಹಲ್ಲು ನೋಯುವ ತನಕ ಕಡಿದೆ. ಉಪ್ಪಿನಕಾಯಿ ಅಂಗಡಿಯವನು ಜಾಡಿಗಳ ಮುಂದೆ ನಿಲ್ಲಿಸಿ ಒಂದೊಂದನ್ನೇ ನೆಕ್ಕಿಸಿದ. ಎಲ್ಲವೂ ಚೆನ್ನಾಗಿತ್ತು. ಯಾವುದರಲ್ಲೂ ಕುಂದು ಹೇಳುವಂಥದ್ದಿಲ್ಲ.

ಗುಡಿಯ ಊಟದ ಮನೆಯಲ್ಲಿ ಅನ್ನ, ಬೇಳೆ, ಕುಂಬಳದ ಪಲ್ಯ, ಪಾಯಸ. ಉಂಡು ಕೈತೊಳೆಯಲು ಹೋದವಳು ದಾರಿ ತಪ್ಪಿ ಅಡುಗೆಮನೆಗೆ ಹೋಗಿಬಿಟ್ಟೆ. ದಾರಿ ತಪ್ಪಿ ಅಂತ ಬರೆದಿದ್ದೇನೆ, ನೀನು ನಂಬು. ಮೂರಾಳು ಕೂರಬಹುದಾದ ಹಂಡೆಗಳು, ದೋಣಿಯ ಹುಟ್ಟಿನಂಥ ಸೌಟುಗಳು. ಅಲ್ಲಿಯ ದೊಡ್ಡ ಅಡುಗೆಯವರನ್ನು ಎಲ್ಲರೂ ದೊಡ್ಡಯ್ಯ ಅಂತಾರೆ. ಒಣಕಲು ಮನುಷ್ಯ. ಅಷ್ಟು ಜನಕ್ಕೆ ಅಡುಗೆ ಮಾಡುವವರು ತಾವು ಮಾತ್ರ ಊಟ ಮಾಡುವುದನ್ನೇ ಮರೆತ ಹಾಗೆ ಕಾಣುತ್ತಾರೆ. ಕುಂಬಳ ಹೆಚ್ಚಲು ಯಾರಾದರೂ ಕೂತರೆ ಬೇಡ ಎನ್ನುವುದಿಲ್ಲ. ನಾನು ಕೂತೆ.

ಅವರ ಕೆಲಸ ನೋಡಿ ದಂಗಾದೆ. ಬೇಳೆ ಕುದಿಯುತ್ತಿತ್ತು, ಯಾರೂ ರುಚಿ ನೋಡುತ್ತಿಲ್ಲ. ತಡೆಯಲಾಗದೆ ಕೇಳಿದೆ.

"ದೊಡ್ಡಯ್ಯಾ, ಉಪ್ಪು ನೋಡಲ್ವಾ?"

"ಇಲ್ಲಿ ರುಚಿ ನೋಡೋ ಹಾಗಿಲ್ಲಮ್ಮ. ಮೊದಲು ದೇವರಿಗೆ, ಆಮೇಲೆ ನಮಗೆ."

"ಉಪ್ಪು ಕಮ್ಮಿಯಾದ್ರೆ?"

"ದೇವರು ಇವತ್ತಿನ ತನಕ ಏನೂ ಅಂದಿಲ್ಲ."

ಅವರು ಹಂಡೆಯ ಹತ್ತಿರ ಕಿವಿ ತಂದು ಕುದಿಯುವ ಸದ್ದು ಕೇಳುತ್ತಾರೆ. ಸೌಟಿನಿಂದ ಬೀಳುವ ಧಾರೆ ನೋಡುತ್ತಾರೆ. ಉಪ್ಪಿಗೆ ಒಂದೇ ಮರದ ಬಟ್ಟಲು, ಯಾವ ಹಂಡೆಗೆ ಎಷ್ಟು ಬಟ್ಟಲು ಎಂಬುದು ಅವರ ತಾತನ ಕಾಲದಿಂದ ಬಂದದ್ದು. ಸೊಸೆ, ನಾಲಗೆ ಮುಟ್ಟಿಸದೆ ಇಡೀ ಬೆಟ್ಟಕ್ಕೆ ಅಡುಗೆಯಾಗುತ್ತದೆ! ನಾನು ಕುಂಬಳ ಮುಗಿದರೂ ಎದ್ದು ಬರಲಿಲ್ಲ.

ನಿನ್ನ ಅಡುಗೆ ಹೇಗಿದೆ? ಗಿರಾಕಿಗಳು ಏನಂತಾರೆ? ನಿಜ ಹೇಳು.

ಅತ್ತೆ


ನವೆಂಬರ್ 7, ಸಂಜೆ

ಅತ್ತೆಯವರಿಗೆ ನಮಸ್ಕಾರ.

ನಿಮಗೆ ಸಿಟ್ಟಿಲ್ಲ ಎಂದು ಓದಿ ಎದೆ ಹಗುರಾಯಿತು. ಎರಡು ಸಲ ಓದಿದೆ.

ಇಲ್ಲಿಯ ಚಿಂತೆ ನಿಮಗೆ ಸ್ವಲ್ಪವೂ ಬೇಡ. ಎಲ್ಲವೂ ಸರಾಗವಾಗಿ ನಡೆಯುತ್ತಿದೆ. ಮಧ್ಯಾಹ್ನ ಬೆಂಚುಗಳು ತುಂಬುತ್ತವೆ. ಪೋಸ್ಟ್‌ಮ್ಯಾನ್ ಮಾಮ ಉಂಡು ಎದ್ದು "ಪರವಾಗಿಲ್ಲಮ್ಮ, ಕಲಿತುಬಿಟ್ಟೆ" ಅಂದರು. ದರ್ಜಿಯವರು ಎರಡೆರಡು ಸಲ ಹಾಕಿಸಿಕೊಂಡರು. ನಿಮ್ಮ ಮಗ ಬೇಳೆಗೆ ಏನೂ ಅನ್ನದೆ ತಟ್ಟೆ ಖಾಲಿ ಮಾಡಿದರು. ಒಲೆಯ ಮುಂದೆ ನಿಲ್ಲುವುದು ನಾನು ಹೆದರಿದ್ದಷ್ಟು ಕಷ್ಟವಲ್ಲ.

ನೀವು ಎಷ್ಟು ವರ್ಷದಿಂದ ಒಂದು ದಿನವೂ ಬಿಡದೆ ಹೊಗೆಯಲ್ಲಿ ನಿಂತಿದ್ದೀರಿ. ಇಷ್ಟಪಟ್ಟು ಹೋಗಿದ್ದೀರಿ, ತಿನ್ನಿ, ಸುತ್ತಾಡಿ. ಒಂಬತ್ತಕ್ಕೇ ಓಡಿ ಬರಬೇಕೆಂದಿಲ್ಲ. ಇನ್ನೂ ನಾಲ್ಕು ದಿನ ಇದ್ದು ಬನ್ನಿ. ಇಲ್ಲಿ ನೀವಿಲ್ಲ ಎಂದು ಯಾವುದೂ ನಿಂತಿಲ್ಲ.

ನಿಮ್ಮ ಸೊಸೆ


ನವೆಂಬರ್ 9, ಬೆಳಿಗ್ಗೆ

ಸೊಸೆಗೆ ಆಶೀರ್ವಾದ.

ಹೋಟೆಲು ಚೆನ್ನಾಗಿ ನಡೆಯುತ್ತಿದೆ ಎಂದು ತಿಳಿದು ಸಂತೋಷವಾಯಿತು. ನೀನು ಜಾಣೆ, ಕಲಿಯುತ್ತೀಯ ಎಂದು ನನಗೆ ಗೊತ್ತಿತ್ತು.

ನಾನು ಇವತ್ತಿನ ಬಸ್ಸಿಗೆ ಬರುತ್ತಿಲ್ಲ. ದೊಡ್ಡಯ್ಯನವರ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸು ಮಗಳ ಮನೆಗೆ ಹೋದವರು ವಾಪಸು ಬರುವುದಿಲ್ಲವಂತೆ. ಆ ಜಾಗಕ್ಕೆ ನೀವು ಇರುತ್ತೀರಾ ಎಂದು ಕೇಳಿದರು. ಛತ್ರದ ಹಿಂದೆ ಒಂದು ಕೋಣೆ ಕೊಡುತ್ತಾರೆ. ಕಿಟಕಿ ಬೆಟ್ಟದ ಕಡೆಗಿದೆ. ಇದ್ದುಬಿಡೋಣ ಅನಿಸಿದೆ.

ನಿನ್ನ ಗಂಡನಿಗೆ ಇನ್ನೂ ಹೇಳಿಲ್ಲ, ಇನ್ನೆರಡು ದಿನ ಇರುತ್ತೇನೆ ಎಂದಷ್ಟೇ ಹೇಳಿದ್ದೇನೆ. ನೀನೇ ಮೆಲ್ಲಗೆ ಹೇಳು. ಬಸ್ಸು ಓಡಿಸುವ ದಿನ ಹೇಳಬೇಡ.

ಮುಂದಿನ ಬಸ್ಸಿಗೆ ನನ್ನ ಕಂದು ಶಾಲು, ಇನ್ನೊಂದು ಕನ್ನಡಕ ಕಳಿಸಿಕೊಡು. ಇಲ್ಲಿಯ ಊಟ ಬಹಳ ಚೆನ್ನಾಗಿದೆ. ನನಗೆ ಯಾವ ಕೊರತೆಯೂ ಇಲ್ಲ.

ಅತ್ತೆ


ನವೆಂಬರ್ 9, ಸಂಜೆ

ಅತ್ತೆ,

ಶಾಲು ಕಳಿಸುವುದಿಲ್ಲ. ಕನ್ನಡಕವನ್ನೂ ಕಳಿಸುವುದಿಲ್ಲ.

ನಿಮ್ಮ ಮೂರೂ ಕಾಗದಗಳನ್ನು ಮುಂದೆ ಹರಡಿಕೊಂಡು ಕೂತಿದ್ದೇನೆ. ಮೊದಲನೆಯದರಲ್ಲಿ ಬಹಳ ಚೆನ್ನಾಗಿತ್ತು. ಎರಡನೆಯದರಲ್ಲಿ ಎಲ್ಲವೂ ಚೆನ್ನಾಗಿತ್ತು. ಮೂರನೆಯದರಲ್ಲೂ ಬಹಳ ಚೆನ್ನಾಗಿದೆ. ಅತ್ತೆ, ನೀವು ಯಾವತ್ತು ಯಾರ ಅಡುಗೆಯನ್ನು ಚೆನ್ನಾಗಿದೆ ಅಂದಿದ್ದೀರಿ?

ಸ್ವಂತ ಮಗಳ ಮದುವೆಯಲ್ಲಿ ಬೀಗರ ಮುಂದೆ "ಪಾಯಸ ಅಡಿ ಹಿಡಿದಿದೆ" ಎಂದವರು ನೀವು. ಆ ಬೀಗರು ಇವತ್ತಿಗೂ ನಮ್ಮ ಮನೆಗೆ ಬಂದರೆ ನಿಮಗೆ ಹೆದರಿ ನೀರನ್ನೂ ಹೊಗಳಿ ಕುಡಿಯುತ್ತಾರೆ. ಎದುರು ಬೀದಿಯ ಹೋಟೆಲಿನವನು ನೀವು ಆ ದಾರಿಯಲ್ಲಿ ಹೋದರೆ ತಪ್ಪಲೆಗೆ ಮುಚ್ಚಳ ಹಾಕುತ್ತಾನೆ. ಅಂಥವರು ಮೆಟ್ಟಿಲ ತುಂಬ ಅಂಗಡಿ ಅಂಗಡಿ ಸುತ್ತಿ ಒಂದರಲ್ಲೂ ಒಂದು ಕುಂದು ಕಾಣಲಿಲ್ಲ ಎಂದರೆ ನಾನು ಹೇಗೆ ನಂಬಲಿ? ನಿಮ್ಮ ಕಾಗದದಲ್ಲಿ ಹಾಲಿನ ಧಾರೆ ಇದೆ, ಕೆಂಡ ಇದೆ, ಬಾಣಲೆ ಇದೆ. ರುಚಿ ಎಲ್ಲೂ ಇಲ್ಲ.

ಜ್ವರ ಬಂದ ಮೊದಲ ದಿನ ನಾನು ಗಂಜಿ ಮಾಡಿ ಕೊಟ್ಟಾಗ "ಇದನ್ನ ಗೋಡೆಗೆ ಬಳಿ" ಅಂದಿರಿ. ಜ್ವರ ಬಿಟ್ಟ ದಿನ ಅದೇ ಗಂಜಿಯನ್ನು ಮಾತಾಡದೆ ಕುಡಿದು ಲೋಟ ಕೈಗೆ ಕೊಟ್ಟಿರಿ. ಸುಸ್ತು ಎಂದುಕೊಂಡೆ. ಉಪ್ಪು ತಪ್ಪಿದಾಗಲೂ ಸುಸ್ತು ಎಂದುಕೊಂಡೆ. ನಾನೆಂಥ ಪೆದ್ದಿ.

ನಿಮಗೆ ರುಚಿ ತಿಳಿಯುತ್ತಿಲ್ಲ. ಹೌದೋ ಅಲ್ಲವೋ? ಅದನ್ನು ಹುಡುಕಿಕೊಂಡು ಬೆಟ್ಟ ಹತ್ತಿದಿರಿ. ನನ್ನ ಮೇಲಿನ ಸಿಟ್ಟಿಗಲ್ಲ. ನಾನು ಬೇಳೆಗೆ ಉಪ್ಪು ಹಾಕುವುದನ್ನು ನೋಡಿದಾಗ ನಿಮಗೆ ಏನಾಗಿರಬೇಕು ಎಂದು ಈಗ ತಿಳಿಯುತ್ತಿದೆ.

ಇನ್ನು ನನ್ನ ಸುಳ್ಳುಗಳು. ಪೋಸ್ಟ್‌ಮ್ಯಾನ್ ಮಾಮ "ಪರವಾಗಿಲ್ಲಮ್ಮ" ಅಂದದ್ದು ನಿಜ, ಆದರೆ ಅತ್ತುಬಿಡುತ್ತೀನೇನೋ ಎಂದು ಹೆದರಿ ಅಂದದ್ದು. ದರ್ಜಿಯವರು ಎರಡು ಸಲ ಹಾಕಿಸಿಕೊಂಡದ್ದು ಮಜ್ಜಿಗೆ. ನಿಮ್ಮ ಮಗ ತಟ್ಟೆ ಖಾಲಿ ಮಾಡಿದರು, ಆಮೇಲೆ ಹಿತ್ತಲಿನ ನಾಯಿ ಯಾಕೆ ಅಷ್ಟು ಕೆಮ್ಮುತ್ತಿತ್ತು ಎಂದು ನನಗೆ ಗೊತ್ತಾಗದೇ? ಬೆಂಚುಗಳು ಮೊದಲ ದಿನ ತುಂಬಿದ್ದವು. ಇವತ್ತು ಇಬ್ಬರು ಬಂದಿದ್ದರು, ಒಬ್ಬರು ದಾರಿ ಕೇಳಲು. ನೀವು ಹಾಯಾಗಿ ಇದ್ದು ಬರಲಿ ಎಂದು ಚಂದ ಮಾಡಿ ಬರೆದೆ. ಬೇಡವಾದವಳಾದೆ ಎಂದು ನೀವು ಓದಿಕೊಳ್ಳುತ್ತೀರಿ ಎಂದು ನನಗೆ ಹೊಳೆಯಲಿಲ್ಲ.

ಈಗ ನನ್ನ ಬೇಳೆ ಹೇಗಿದೆ ಎಂದು ಹೇಳುತ್ತೇನೆ, ಕೇಳಿ. ಬಟ್ಟಲು ಪಕ್ಕದಲ್ಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬಾಯಿಗಿಟ್ಟ ಕೂಡಲೇ ಹುಳಿ, ಬಾಗಿಲು ತೆಗೆಯುವ ಮೊದಲೇ ಒಳಗೆ ಬರುವ ನೆಂಟರ ಹಾಗೆ. ಖಾರ ನಾಲಗೆಯ ಮೇಲೆ ನಿಲ್ಲುವುದೇ ಇಲ್ಲ, ನೇರ ಗಂಟಲಿಗೆ ಹೋಗಿ ಕೆರೆಯುತ್ತದೆ. ಬೇಳೆ ಒಂದು ಕಡೆ, ನೀರು ಒಂದು ಕಡೆ, ಮಾತು ಬಿಟ್ಟ ಗಂಡಹೆಂಡಿರ ಹಾಗೆ. ಎಷ್ಟು ಕುದಿಸಿದರೂ ಬೇಳೆ ಹಲ್ಲಿಗೆ ಸಿಗುತ್ತದೆ. ಎಲ್ಲ ಮುಗಿದ ಮೇಲೆ ನಾಲಗೆಯ ಬುಡದಲ್ಲಿ ಒಂದು ಕಹಿ ಉಳಿಯುತ್ತದೆ, ಮಾತ್ರೆ ಬಾಯಲ್ಲೇ ಕರಗಿಹೋದ ಹಾಗೆ.

ನಿಮ್ಮ ಬೇಳೆ ಹಾಗಲ್ಲ. ಮೊದಲು ಬರೀ ಬೆಚ್ಚಗೆ. ಆಮೇಲೆ ಬೇಳೆಯದೇ ಒಂದು ಸಣ್ಣ ಸಿಹಿ. ಹುಳಿ ಎಲ್ಲಿಂದ ಬಂತು ಎಂದು ತಿಳಿಯುವುದೇ ಇಲ್ಲ, ಬಂದಿರುತ್ತದೆ. ನುಂಗಿದ ಮೇಲೆ ಖಾರ ಮೆಲ್ಲಗೆ ಏಳುತ್ತದೆ, ಅದನ್ನು ಸಮಾಧಾನ ಮಾಡಲು ಇನ್ನೊಂದು ತುತ್ತು ಬೇಕಾಗುತ್ತದೆ.

ನನಗೆ ನಾಲಗೆ ಇದೆ ಅತ್ತೆ, ಕೈ ಇಲ್ಲ. ಏನು ತಪ್ಪು ಮಾಡುತ್ತಿದ್ದೇನೆ?

ನಿಮ್ಮ ಸೊಸೆ


ನವೆಂಬರ್ 11, ಸಂಜೆ

ಅತ್ತೆ,

ಬಸ್ಸು ಬಂತು, ಕಾಗದ ಬರಲಿಲ್ಲ. ಇವರನ್ನು ಕೇಳಿದೆ.

"ಅಮ್ಮ ಕಾಗದ ಕೊಟ್ರಾ?"

"ಇಲ್ಲ."

"ನಂದು ಓದಿದ್ರಾ?"

"ನನ್ನೆದುರಿಗೇ ಓದಿದ್ಲು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ್ಲು. ಊಟ ಆಯ್ತಾ ಅಂತಾನೂ ಕೇಳದೆ ಹೋಗಿಬಿಟ್ಲು. ಏನು ನಡೀತಿದೆ ನಿಮ್ಮಿಬ್ಬರ ಮಧ್ಯೆ? ಬಸ್ಸು ನಂದು, ಪೆಟ್ರೋಲು ಕಂಪನಿದು, ಸುದ್ದಿ ಮಾತ್ರ ನನಗಿಲ್ವಾ?"

"ಬಸ್ಸಿಗೆ ಹಾಕೋದು ಡೀಸೆಲ್ಲು" ಅಂದೆ. ಸಿಟ್ಟಾಗಿ ಮಲಗಿದ್ದಾರೆ.

ನಿಮ್ಮ ನಾಲಗೆಯ ವಿಷಯ ಹಾಗೆ ನೇರವಾಗಿ ಬರೆಯಬಾರದಿತ್ತೇನೋ. ಬರೆದಾಯಿತು. ಸುಳ್ಳು ಎಂದಾದರೆ ಸುಳ್ಳು ಎಂದು ಒಂದು ಸಾಲು ಹಾಕಿ. ಅಲ್ಲೇ ಇರುತ್ತೇನೆ ಎಂದಾದರೆ ಅದನ್ನೂ ಹಾಕಿ. ಶಾಲು ಕಳಿಸುತ್ತೇನೆ. ಬೆಟ್ಟದಲ್ಲಿ ಚಳಿ ಹೆಚ್ಚಾಗಿದೆಯಂತೆ.

ಬೇಳೆ ಇವತ್ತೂ ಕಹಿ.

ನಿಮ್ಮ ಸೊಸೆ


ನವೆಂಬರ್ 13, ಬೆಳಿಗ್ಗೆ

ಮಗಳೇ,

ಹೌದು.

ಈ ಒಂದು ಪದ ಬರೆಯಲು ನಾನು ಒಂದು ಬಸ್ಸು ತಪ್ಪಿಸಿದೆ. ಮೊದಲ ಸಲ ನಿನ್ನ ಕಾಗದ ಓದಿದಾಗ ಮೈಯೆಲ್ಲ ಉರಿಯಿತು. ಸಿಕ್ಕಿಬಿದ್ದವರಿಗೆ ಬರುವ ಸಿಟ್ಟು ಅದು, ಅದಕ್ಕೆ ಬೆಲೆ ಕೊಡಬೇಡ.

ಜ್ವರ ಬಿಟ್ಟ ದಿನವೇ ಗೊತ್ತಾಯಿತು. ಗಂಜಿಯಲ್ಲಿ ಬಿಸಿ ಇತ್ತು, ಮತ್ತೇನೂ ಇರಲಿಲ್ಲ. ವಾಸನೆಯೂ ಇಲ್ಲ. ವಾರದಲ್ಲಿ ಸರಿಹೋಗುತ್ತದೆ ಎಂದು ಕಾದೆ. ಆಮೇಲೆ ಕೈಯ ಅಂದಾಜಿನಲ್ಲಿ ಮಾಡುತ್ತ ಹೋದೆ, ಕೈ ನನಗಿಂತ ಹಳಬ, ತಪ್ಪುವುದಿಲ್ಲ ಎಂದು ನಂಬಿದ್ದೆ. ನೀನು ಉಪ್ಪು ಹಾಕುವುದನ್ನು ನೋಡಿದ ದಿನ ಆ ನಂಬಿಕೆಯೂ ಹೋಯಿತು. ಬಾಗಿಲಲ್ಲಿ ನಿಂತಾಗ ನನಗೆ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ನೀನು ಎಷ್ಟು ದಿನದಿಂದ ಹೀಗೆ ಕದ್ದು ಹಾಕುತ್ತಿರಬಹುದು ಎಂದು ಎಣಿಸಲು ಹೋದೆ. ಎಣಿಸಲಾಗಲಿಲ್ಲ.

ಇಲ್ಲಿ ಒಂದಾದರೂ ಅಂಗಡಿಯ ಒಂದಾದರೂ ತಿಂಡಿ ಬಾಯಿಯೊಳಗಿನ ಬಾಗಿಲು ತಟ್ಟುತ್ತದೆ ಎಂದುಕೊಂಡು ಬಂದೆ. ಜೋಳದವಳ ಖಾರಕ್ಕೆ ಕಣ್ಣೀರು ಬಂತು, ಮೂಗು ಸೋರಿತು, ನಾಲಗೆ ಮಾತ್ರ ಅನ್ಯರ ಮನೆಯದು ಎಂಬಂತೆ ಸುಮ್ಮನಿತ್ತು. ಉಪ್ಪಿನಕಾಯಿಯವನು ಜಾಡಿ ಜಾಡಿ ನೆಕ್ಕಿಸಿ "ಯಾವುದು ಹಿಡಿಸ್ತು ಅಮ್ಮಾ?" ಅಂದಾಗ ಬಣ್ಣ ನೋಡಿ ಒಂದನ್ನು ತೋರಿಸಿದೆ.

ಆಮೇಲೆ ದೊಡ್ಡಯ್ಯನ ಅಡುಗೆಮನೆ ಸಿಕ್ಕಿತು. ನಾಲಗೆಯೇ ಬೇಡದ ಅಡುಗೆಮನೆ! ಅಲ್ಲಿ ನನ್ನ ಕುಂಟು ಯಾರಿಗೂ ಕಾಣದು. ಅದರ ಮೇಲೆ ನಿನ್ನ ಕಾಗದ ಬಂತು, ನೀವಿಲ್ಲ ಎಂದು ಯಾವುದೂ ನಿಂತಿಲ್ಲ ಅಂತ. ಸರಿ, ಇನ್ನೇನು, ಇಲ್ಲೇ ಒಂದು ಮೂಲೆ ಎಂದುಕೊಂಡೆ. ಚಂದ ಮಾಡಿ ಸುಳ್ಳು ಬರೆಯುವುದನ್ನು ನೀನು ಯಾರಿಂದ ಕಲಿತೆ? ನನ್ನಿಂದಲೇ ಇರಬೇಕು, ಇಬ್ಬರದೂ ಒಂದೇ ಕೈ.

ಈಗ ನಿನ್ನ ಬೇಳೆ. ಎರಡನೆಯ ಸಲ ಕಾಗದ ಓದಿದ್ದು ಮೆಟ್ಟಿಲ ಮೇಲೆ ಕೂತು. ಹುಳಿ ನೆಂಟರ ಹಾಗೆ ಒಳಗೆ ನುಗ್ಗಿತು ಎಂಬಲ್ಲಿಗೆ ಬಂದಾಗ ನನ್ನ ಬಾಯಲ್ಲಿ ನೀರೂರಿತು. ಜ್ವರ ಬಿಟ್ಟ ಮೇಲೆ ಇದೇ ಮೊದಲು. ಕೆಟ್ಟ ಬೇಳೆಗೆ ಬಾಯಲ್ಲಿ ನೀರೂರಿಸಿಕೊಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ರುಚಿ ಬಂತು ಎಂದಲ್ಲ. ಆಮೇಲೆ ಓಡಿಹೋಗಿ ಹಾಲು ಕುಡಿದು ನೋಡಿದೆ, ಏನೂ ಇಲ್ಲ. ಆದರೆ ನಿನ್ನ ತಪ್ಪಲೆಯೊಳಗೆ ಏನಾಗಿದೆ ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಯಿತು.

ನೀನು ಬೇಳೆ ಬೇಯುವ ಮುಂಚೆ ಹುಣಸೆ ಬಿಟ್ಟಿದ್ದೀಯ. ಹುಳಿ ತಾಕಿದ ಬೇಳೆ ಮುನಿಸಿಕೊಂಡು ಕಲ್ಲಾಗುತ್ತದೆ, ಆಮೇಲೆ ಊರು ಉರಿದರೂ ಬೇಯದು. ಮೊದಲು ಬೇಳೆ ಬೆಣ್ಣೆಯಾಗಲಿ, ಸೌಟಿನ ಬೆನ್ನಿನಿಂದ ಮಸೆ, ಆಮೇಲೆ ಹುಳಿ, ಆಮೇಲೆ ಇನ್ನೊಂದು ಕುದಿ ಒಟ್ಟಿಗೆ. ಗಂಡಹೆಂಡಿರು ಆಗ ಮಾತಾಡುತ್ತಾರೆ. ಖಾರದ ಪುಡಿಯನ್ನು ಕೊನೆಯಲ್ಲಿ ಹಸಿಯಾಗಿ ಉದುರಿಸಿದ್ದೀಯ, ಅದಕ್ಕೆ ಗಂಟಲು ಕೆರೆತ. ಕಹಿ ಒಗ್ಗರಣೆಯದು. ಮೆಂತ್ಯ ಕೆಂಪಾದಾಗ ಇಳಿಸುವ ಬದಲು ಗಿರಾಕಿಯ ಜೊತೆ ಮಾತಾಡುತ್ತ ಕಪ್ಪಾಗಲು ಬಿಟ್ಟಿದ್ದೀಯ. ಹೌದೋ ಅಲ್ಲವೋ?

ನಿನ್ನೆ ದೊಡ್ಡಯ್ಯನಿಗೆ ಹೇಳಿದೆ. ನನ್ನ ನಾಲಗೆಯ ಸುದ್ದಿ ಈ ಬೆಟ್ಟದಲ್ಲಿ ಗೊತ್ತಿರುವುದು ಅವರೊಬ್ಬರಿಗೇ, ಕೆಲಸಕ್ಕೆ ಕರೆದ ದಿನವೇ ಹೇಳಿದ್ದೆ.

"ದೊಡ್ಡಯ್ಯಾ, ನಾನು ಇರಲ್ಲ."

"ಯಾಕಮ್ಮಾ? ಕೋಣೆ ಚಿಕ್ಕದಾಯ್ತಾ?"

"ಕೋಣೆ ಅರಮನೆ ಥರ ಇದೆ. ಇಲ್ಲಿ ಉಂಡೋರು ಯಾರೂ ಏನೂ ಅನ್ನಲ್ಲ."

"ದೇವರ ಪ್ರಸಾದ. ಅದಕ್ಕೆ ಏನಂತಾರೆ? ಕಣ್ಣಿಗೊತ್ತಿಕೊಂಡು ತಿಂತಾರೆ."

"ಅದೇ ನಂಗಾಗಲ್ಲ. ನಮ್ಮನೇಲಿ ತಟ್ಟೇಲಿ ಬೇಳೆ ಉಳಿದ್ರೆ ಅವತ್ತೆಲ್ಲ ನಂಗೆ ನಿದ್ದೆ ಬರಲ್ಲ. ಅಲ್ಲಿ ಒಬ್ಬಳು ಕೂತ್ಕೊಂಡು ನನ್ನ ಬೇಳೆ ಹೇಗಿರುತ್ತೆ ಅಂತ ಒಂದು ಪುಟ ಬರೆದಿದಾಳೆ."

ಅವರು ಸೌಟನ್ನು ಹಂಡೆಗೆ ಒರಗಿಸಿದರು. ಆಮೇಲೆ "ಒಂದೊಂದ್ಸಲ ನಂಗೂ ಅನ್ಸುತ್ತೆ ಅಮ್ಮಾ, ಯಾರಾದ್ರೂ ಒಬ್ರು, ಥೂ ಇವತ್ತು ಉಪ್ಪು ಜಾಸ್ತಿ ಅಂತ ಬೈಲಿ ಅಂತ" ಅಂದರು. ನಿನ್ನೆ ಮಧ್ಯಾಹ್ನವೇ ಪ್ರಸಾದ ಉಂಡು, ಪಕ್ಕದಲ್ಲಿ ಕೂತಿದ್ದ ಯಾತ್ರಿಕಳನ್ನು ಗುಟ್ಟಾಗಿ ಕೇಳಿಕೊಂಡು ಹೋಗಿ "ದೊಡ್ಡಯ್ಯಾ, ಪಲ್ಯಕ್ಕೆ ಉಪ್ಪು ಕಮ್ಮಿ" ಅಂದೆ. ಆ ಮನುಷ್ಯನ ಮುಖ ನೋಡಬೇಕಿತ್ತು ನೀನು. ಹಬ್ಬ ಬಂದ ಹಾಗಾಯಿತು.

ನಾಳೆಯ ಅಡುಗೆಗೆ ಬರುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಹದಿನೈದರ ಬಸ್ಸಿಗೆ ಹೊರಡುತ್ತೇನೆ. ನಿನ್ನ ಗಂಡನಿಗೆ ನಾನೇ ಎಲ್ಲ ಹೇಳುತ್ತೇನೆ, ತಿರುವುಗಳು ಮುಗಿದು ಬಯಲಿಗೆ ಬಂದ ಮೇಲೆ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಇಬ್ಬರೂ ನಿಲ್ಲೋಣ. ದರ್ಜಿಯವನು ಇನ್ನು ಕೆಲವು ದಿನ ಗಲ್ಲಾದಲ್ಲೇ ಕೂರಲಿ. ನಾನು ಮಾಡುತ್ತೇನೆ, ನೀನು ಬಾಯಿಗಿಟ್ಟು ಹೇಗಿದೆ ಎಂದು ಹೇಳು. ಚೆನ್ನಾಗಿದೆ, ಚೆನ್ನಾಗಿಲ್ಲ, ಇಷ್ಟರಲ್ಲಿ ಮುಗಿಸಬೇಡ. ಕಾಗದದಲ್ಲಿ ಬರೆದ ಹಾಗೆ ಹೇಳು, ನೆಂಟರು ಎಲ್ಲಿಂದ ನುಗ್ಗಿದರು, ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ ಎಂದು. ಈ ಮನೆಗೆ ಬಂದಂದಿನಿಂದ ನೀನು ನನ್ನೆದುರು ಗಟ್ಟಿಯಾಗಿ ಒಂದು ಮಾತಾಡಿಲ್ಲ. ಇನ್ನು ಆಡಬೇಕು. ಗಿರಾಕಿಗಳಿಗೆ ಕೇಳಿಸಿದರೂ ಚಿಂತೆಯಿಲ್ಲ.

ನನಗೆ ಸಿಟ್ಟು ಬರುತ್ತದೆ. ನನ್ನ ಗುಣ ನಿನಗೆ ಗೊತ್ತು, ಮೊದಲ ದಿನ ಖಂಡಿತ ಬೈಯುತ್ತೇನೆ, ಸೌಟು ಕುಕ್ಕುತ್ತೇನೆ, ನಿನಗೇನು ಗೊತ್ತು ಅನ್ನುತ್ತೇನೆ. ಆಗ ನೀನು ಹಿಂದೆ ಸರಿಯಬೇಡ. ಅಲ್ಲೇ ನಿಂತು ಇನ್ನೊಂದು ಸಲ ಹೇಳು.

ಅತ್ತೆ